ಪೊಲೀಸರಿಲ್ಲದ ನ್ಯಾಯಾಲಯದ ಮಾತನ್ನು ಸರ್ಕಾರಗಳು ಏಕೆ ಕೇಳುತ್ತವೆ?

ಲಕ್ಸೆಂಬರ್ಗಿನಲ್ಲಿರುವ ಐರೋಪ್ಯ ಒಕ್ಕೂಟದ ನ್ಯಾಯಾಲಯಕ್ಕೆ ತನ್ನದೇ ಪೊಲೀಸರಿಲ್ಲ, ಸೆರೆಮನೆಯಿಲ್ಲ, ತೀರ್ಪು ಕೇಳದ ಸರ್ಕಾರದ ಆಸ್ತಿಯನ್ನು ಜಪ್ತಿ ಮಾಡಲು ಹೋಗುವ ಅಮೀನನೂ ಇಲ್ಲ. ಹಾಗಿದ್ದೂ ಜರ್ಮನಿ, ಫ್ರಾನ್ಸ್, ಇಟಲಿಯಂಥ ದೇಶಗಳು ಅದರ ತೀರ್ಪಿಗೆ ತಲೆಬಾಗಿ, ತಮ್ಮ ಸಂಸತ್ತುಗಳು ಮಾಡಿದ ಕಾನೂನುಗಳನ್ನೇ ತಿದ್ದಿಕೊಳ್ಳುತ್ತ ಬಂದಿವೆ. ಇದು ಏಕೆ ಸಾಧ್ಯವಾಯಿತೆಂಬ ಬಗ್ಗೆ ನಡೆದಿರುವ ಸಂಶೋಧನೆಯನ್ನು ಬಹುಕಾಲದಿಂದ ಆಸಕ್ತಿಯಿಂದ ಓದುತ್ತಿದ್ದೇನೆ. ಓದಿದಷ್ಟೂ ನನಗೆ ದೃಢವಾಗುತ್ತಿರುವುದು ಒಂದೇ ಸಂಗತಿ: ದೇಶವೊಂದು ಒಂದೇ ಮನಸ್ಸಿನ ವ್ಯಕ್ತಿಯಂತೆ ಕಾನೂನನ್ನು ಪಾಲಿಸುವುದೂ ಇಲ್ಲ, ಮುರಿಯುವುದೂ ಇಲ್ಲ. ಮಂತ್ರಿ ಒಪ್ಪದ್ದನ್ನು ಅದೇ ದೇಶದ ನ್ಯಾಯಾಧೀಶರು ಒಪ್ಪಬಹುದು. ಸಂಸತ್ತು ಅಂಗೀಕರಿಸಿದ್ದು ಜಿಲ್ಲೆಯ ಕಚೇರಿಯ ಕಡತದಲ್ಲೇ ಕೊಳೆಯಬಹುದು.

ಈ ಕ್ಷೇತ್ರದ ಹಳೆಯ ವಾದವೊಂದನ್ನು ಮೊದಲು ಹೇಳಬೇಕು. ಅಬ್ರಾಮ್ ಚೇಸ್ ಮತ್ತು ಆಂಟೋನಿಯಾ ಹ್ಯಾಂಡ್ಲರ್ ಚೇಸ್ 1993ರಲ್ಲಿ, ಸರ್ಕಾರಗಳು ಒಪ್ಪಂದಗಳನ್ನು ಮುರಿಯುವುದು ಬಹುಮಟ್ಟಿಗೆ ದುರುದ್ದೇಶದಿಂದಲ್ಲ, ನಿಯಮದ ಅಸ್ಪಷ್ಟತೆಯಿಂದ ಮತ್ತು ಆಡಳಿತದ ಅಶಕ್ತಿಯಿಂದ ಎಂದು ವಾದಿಸಿದರು; ಆದ್ದರಿಂದ ದಂಡಕ್ಕಿಂತ ನೆರವು, ಮಾತುಕತೆ, ವಿವರಣೆಗಳೇ ಮೇಲು ಎಂಬುದು ಅವರ ನಿಲುವು. ಮೂರು ವರ್ಷಗಳ ತರುವಾಯ ಜಾರ್ಜ್ ಡೌನ್ಸ್, ಡೇವಿಡ್ ರಾಕ್ ಮತ್ತು ಪೀಟರ್ ಬಾರ್ಸೂಮ್ ಇದಕ್ಕೆ ಕಟುವಾದ ಉತ್ತರ ಕೊಟ್ಟರು. ಹೇಗೂ ಮಾಡಲಿದ್ದುದನ್ನೇ ಒಪ್ಪಂದದಲ್ಲಿ ಬರೆದುಕೊಂಡರೆ ಪಾಲನೆ ಸುಲಭವಾಗಿ ಕಾಣುವುದು ಸಹಜ, ನಿಜವಾಗಿ ನಷ್ಟ ತರುವ ಒಪ್ಪಂದಕ್ಕೆ ಶಿಕ್ಷೆಯ ಬಲ ಬೇಕೇ ಬೇಕು ಎಂದರು. ಐರೋಪ್ಯ ಒಕ್ಕೂಟದಲ್ಲಿ ನೆರವು ಮತ್ತು ಶಿಕ್ಷೆ ಎರಡೂ ಜೊತೆಯಾಗಿ ನಡೆಯುತ್ತವೆ, ಒಂದು ಇನ್ನೊಂದಕ್ಕೆ ಬಲ ಕೊಡುತ್ತದೆ ಎಂದು 2002ರಲ್ಲಿ ಯೋನಾಸ್ ತಾಲ್‌ಬೆರಿ ತೋರಿಸಿದರು. ನನಗೆ ಒಪ್ಪಿಗೆಯಾಗುವುದು ಈ ಮೂರನೆಯ ನಿಲುವು.

ಕ್ರೀಟ್ ದ್ವೀಪದ ಹನಿಯಾ ಪ್ರದೇಶದ ಪ್ರಕರಣವನ್ನು ಹತ್ತಿರದಿಂದ ನೋಡಿದರೆ ಈ ವಾದ ಎಲ್ಲಿ ತೊಡಕಾಗುತ್ತದೆ ಎಂಬುದು ತಿಳಿಯುತ್ತದೆ. ಅಲ್ಲಿ ಕುರುಪಿಟೋಸ್ ಎಂಬ ಹೊಳೆಯ ಬಾಯಲ್ಲಿ, ಸಮುದ್ರದಿಂದ ಕೇವಲ 200 ಮೀಟರ್ ದೂರದಲ್ಲಿ, ಊರಿನ ಕಸದ ಜೊತೆಗೆ ಸೇನಾ ನೆಲೆ, ಆಸ್ಪತ್ರೆ ಮತ್ತು ಕಾರ್ಖಾನೆಗಳ ತ್ಯಾಜ್ಯವನ್ನೂ ತಂದು ಸುರಿಯಲಾಗುತ್ತಿದೆ ಎಂದು 1987ರಲ್ಲಿ, ಒಕ್ಕೂಟದ ಕಾನೂನಿನ ಪಾಲನೆಯ ಮೇಲೆ ಕಣ್ಣಿಡುವ ಐರೋಪ್ಯ ಆಯೋಗಕ್ಕೆ ದೂರು ಹೋಯಿತು. ಆ ತಿಪ್ಪೆಯನ್ನು ಮುಚ್ಚಿ ಬೇರೆ ಜಾಗ ಮಾಡುತ್ತೇವೆ ಎಂದು ಗ್ರೀಸ್ ಮಾತು ಕೊಟ್ಟಿತು. ಆದರೆ ಹೊಸ ಜಾಗ ಗುರುತಿಸಿದಲ್ಲೆಲ್ಲ ಸುತ್ತಲಿನ ಜನ ವಿರೋಧಿಸಿದರು, ಕೆಲಸ ನಿಂತಿತು. 1992ರಲ್ಲಿ ನ್ಯಾಯಾಲಯ ಗ್ರೀಸ್ ತಪ್ಪಿತಸ್ಥ ಎಂದು ತೀರ್ಪಿತ್ತರೂ ಕಸ ಸುರಿಯುವುದು ನಿಲ್ಲಲಿಲ್ಲ. ಕೊನೆಗೆ 2000ದ ಜುಲೈ 4ರಂದು, 1993ರಲ್ಲಿ ಜಾರಿಗೆ ಬಂದ ಮಾಸ್ಟ್ರಿಕ್ಟ್ ಒಪ್ಪಂದ ನ್ಯಾಯಾಲಯಕ್ಕೆ ಕೊಟ್ಟಿದ್ದ ದಂಡದ ಅಧಿಕಾರವನ್ನು ಮೊಟ್ಟಮೊದಲು ಬಳಸಿ, ತಡವಾದ ಪ್ರತಿ ದಿನಕ್ಕೆ 20,000 ಯೂರೋ ದಂಡ ವಿಧಿಸಲಾಯಿತು. ಮರುವರ್ಷ ಆ ತಿಪ್ಪೆ ಮುಚ್ಚಿತು. ದಂಡವೇ ಕೆಲಸ ಮಾಡಿತು ಎಂದು ಹೇಳುವುದು ಸುಲಭ. ಆದರೆ ಆ ಹದಿಮೂರು ವರ್ಷಗಳ ಉದ್ದಕ್ಕೂ ಅಥೆನ್ಸಿನ ಸರ್ಕಾರ ಬಯಸಿದ್ದರೂ ಊರವರನ್ನು ಒಪ್ಪಿಸುವ ಶಕ್ತಿ ಅದಕ್ಕಿತ್ತೇ, ಅಥವಾ ದಂಡದ ಭಯ ಎದುರಾಗುವ ತನಕ ಒಪ್ಪಿಸುವ ಮನಸ್ಸೇ ಇರಲಿಲ್ಲವೇ? ಇಚ್ಛೆ ಮತ್ತು ಶಕ್ತಿ ಎರಡನ್ನೂ ಬೇರೆ ಬೇರೆಯಾಗಿ ಅಳೆಯಲು ಹೊರಟ ಸಂಶೋಧಕರಿಗೆ ಇಂಥ ಕಡತಗಳು ಸುಲಭವಾಗಿ ಉತ್ತರ ಬಿಟ್ಟುಕೊಡುವುದಿಲ್ಲ.

ದಂಡದ ಅಧಿಕಾರ ಬರುವುದಕ್ಕೆ ಮೂರು ದಶಕ ಮೊದಲೇ ಪಾಲನೆಯ ತಳಹದಿ ಬೇರೊಂದು ಕಡೆ ಬಿದ್ದಿತ್ತು. ವಾನ್ ಗೆಂಡ್ ಎನ್ ಲೋಸ್ ಎಂಬ ಡಚ್ ಕಂಪನಿ ಪಶ್ಚಿಮ ಜರ್ಮನಿಯಿಂದ ಯೂರಿಯಾ ಫಾರ್ಮಾಲ್ಡಿಹೈಡ್ ತರಿಸಿಕೊಂಡಾಗ ಸುಂಕದ ಅಧಿಕಾರಿಗಳು ಹಿಂದಿನ ಶೇ. 3ರ ಬದಲು ಶೇ. 8 ಕೇಳಿದರು. ಸುಂಕ ಏರಿಸಕೂಡದೆಂದು ಒಕ್ಕೂಟಕ್ಕೆ ಬುನಾದಿ ಹಾಕಿದ ರೋಮ್ ಒಪ್ಪಂದ ಹೇಳುತ್ತಿತ್ತು, ಆದರೆ ಒಬ್ಬ ವ್ಯಾಪಾರಿ ಅದನ್ನು ತನ್ನ ದೇಶದ ನ್ಯಾಯಪೀಠದೆದುರು ಹಕ್ಕೆಂದು ಸಾಧಿಸಬಹುದೇ ಎಂಬುದು ಪ್ರಶ್ನೆಯಾಗಿತ್ತು. ಸಾಧಿಸಬಹುದು ಎಂದು 1963ರಲ್ಲಿ ತೀರ್ಪಾಯಿತು. ಮರುವರ್ಷ, 1,925 ಲೀರಾದ ವಿದ್ಯುತ್ ಬಿಲ್ಲು ಕಟ್ಟಲೊಪ್ಪದ ಮಿಲಾನಿನ ವಕೀಲ ಫ್ಲಾಮಿನಿಯೊ ಕೋಸ್ತಾ ಅವರ ಪ್ರಕರಣದಲ್ಲಿ, ಒಕ್ಕೂಟದ ಕಾನೂನು ದೇಶದ ಕಾನೂನಿಗಿಂತ ಮೇಲಿನದೆಂದೂ ನ್ಯಾಯಾಲಯ ಸಾರಿತು. ಅಲ್ಲಿಂದ ಮುಂದೆ ಒಕ್ಕೂಟದ ಕಾನೂನನ್ನು ಮೀರುವ ಸರ್ಕಾರ ತನ್ನ ಸ್ವಂತ ನ್ಯಾಯಾಧೀಶರ ಆದೇಶವನ್ನೇ ಮೀರಬೇಕಾಯಿತು. ಪ್ರಜಾಪ್ರಭುತ್ವದಲ್ಲಿ ಅದು ಎಷ್ಟು ದೊಡ್ಡ ಹೆಜ್ಜೆ ಎಂಬುದನ್ನು ವಿವರಿಸಬೇಕಾಗಿಲ್ಲ. ವಿದ್ವಾಂಸರಾದ ಜೋಸೆಫ್ ವೈಲರ್ ಮತ್ತು ಕ್ಯಾರೆನ್ ಆಲ್ಟರ್ ಅವರ ಬರಹಗಳು ಈ ಕಾರಣಕ್ಕೇ ನನಗೆ ಮುಖ್ಯವೆನಿಸುತ್ತವೆ. ಕೆಳ ನ್ಯಾಯಾಲಯಗಳ ನ್ಯಾಯಾಧೀಶರು ತಮ್ಮ ಮೇಲಿನ ಪೀಠಗಳನ್ನು ದಾಟಿ ನೇರವಾಗಿ ಲಕ್ಸೆಂಬರ್ಗಿಗೆ ಪ್ರಶ್ನೆ ಕಳುಹಿಸುವುದರಲ್ಲಿ ತಮ್ಮದೇ ಅಧಿಕಾರದ ಹೆಚ್ಚಳವನ್ನೂ ಕಂಡರು ಎಂಬ ಆಲ್ಟರ್ ಅವರ ವಿವರಣೆ, ಬರಿಯ ಆದರ್ಶದ ಕಥೆಗಿಂತ ಹೆಚ್ಚು ನಂಬಲರ್ಹವಾಗಿದೆ.

ಒಕ್ಕೂಟವನ್ನು ಪ್ರೀತಿಸುವ ಜನರಿರುವ ದೇಶ ಅದರ ಕಾನೂನನ್ನೂ ಚೆನ್ನಾಗಿ ಪಾಲಿಸುತ್ತದೆ ಎಂದು ಯಾರಾದರೂ ಊಹಿಸಬಹುದು. ತಾನ್ಯಾ ಬೋರ್ಟ್ಸೆಲ್ ಮತ್ತು ಸಹಸಂಶೋಧಕರು ದಶಕಗಳ ಉಲ್ಲಂಘನೆಯ ದಾಖಲೆಗಳನ್ನು ಪರಿಶೀಲಿಸಿದಾಗ ಈ ಊಹೆ ನಿಲ್ಲಲಿಲ್ಲ. ಒಕ್ಕೂಟದ ಬಗ್ಗೆ ಸದಾ ಅನುಮಾನವಿರುವ ಡೆನ್ಮಾರ್ಕ್ ಪಾಲನೆಯಲ್ಲಿ ಮುಂದಿತ್ತು. ಒಕ್ಕೂಟದ ಸ್ಥಾಪಕ ಸದಸ್ಯ ಇಟಲಿ ಬಹಳ ಹಿಂದಿತ್ತು. ದೊಡ್ಡ ದೇಶಗಳಿಗೆ ಪಟ್ಟು ಹಿಡಿದು ಕೂರುವ ಬಲವಿರುತ್ತದೆ, ಆಡಳಿತ ಸಡಿಲವಾದ ದೇಶಗಳಿಗೆ ಜಾರಿಗೆ ತರುವ ಶಕ್ತಿ ಇರುವುದಿಲ್ಲ, ಎರಡೂ ಕೂಡಿದಲ್ಲಿ ಉಲ್ಲಂಘನೆ ಅತಿ ಹೆಚ್ಚು ಎಂದು ಅವರು ಕಂಡುಕೊಂಡರು. 2004ರಲ್ಲಿ ಸೇರಿದ ಪೂರ್ವ ಯೂರೋಪಿನ ದೇಶಗಳು ಒಳಗೆ ಬಂದ ಕೂಡಲೇ ಪಾಲನೆಯನ್ನು ಕೈಬಿಡುತ್ತವೆ ಎಂಬ ಆತಂಕವೂ, ಕನಿಷ್ಠ ಮೊದಲ ವರ್ಷಗಳ ಮಟ್ಟಿಗೆ, ಸುಳ್ಳಾಯಿತು.

ಆದರೆ ಇಂಥ ಲೆಕ್ಕಗಳಲ್ಲಿ ಒಂದು ದೋಷವಿದೆ, ಅದನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ನಮಗೆ ಕಾಣುವುದು ಆಯೋಗ ಕೈಗೆತ್ತಿಕೊಂಡ ಉಲ್ಲಂಘನೆಗಳು ಮಾತ್ರ. ಒಕ್ಕೂಟದ ನಿರ್ದೇಶನವನ್ನು, ಎಂದರೆ ಪ್ರತಿ ದೇಶ ತನ್ನ ಕಾನೂನಿನಲ್ಲಿ ಅಳವಡಿಸಿಕೊಳ್ಳಬೇಕಾದ ನಿಯಮವನ್ನು, ಸಕಾಲದಲ್ಲಿ ಕಾನೂನು ಮಾಡಿ, ಅದನ್ನು ಜಾರಿಗೊಳಿಸುವ ತಪಾಸಣಾಧಿಕಾರಿಗಳನ್ನೇ ನೇಮಿಸದಿದ್ದರೆ ಕಾಗದದಲ್ಲಿ ಎಲ್ಲವೂ ಸರಿಯಾಗಿರುತ್ತದೆ. ಗೆರ್ಡಾ ಫಾಕ್ನರ್ ಮತ್ತು ಒಲಿವರ್ ಟ್ರೈಬ್ ಕೆಲವು ದೇಶಗಳ ಕಾರ್ಮಿಕ ಕಾನೂನುಗಳಲ್ಲಿ ಕಂಡದ್ದು ಇದನ್ನೇ. ಇದಕ್ಕೆ ಡೇನಿಯಲ್ ಕೆಲೆಮನ್ ಮತ್ತು ತೊಮ್ಮಾಸೊ ಪವೋನೆ ಇನ್ನೊಂದನ್ನು ಸೇರಿಸಿದ್ದಾರೆ. 2004ರ ಈಚೆಗೆ ಆಯೋಗವೇ ಸದಸ್ಯ ಸರ್ಕಾರಗಳ ಬೆಂಬಲ ಕಳೆದುಕೊಳ್ಳುವ ಅಂಜಿಕೆಯಿಂದ ಮೊಕದ್ದಮೆಗಳನ್ನು ತೀವ್ರವಾಗಿ ಕಡಿಮೆ ಮಾಡಿತು ಎಂಬುದು ಅವರ ವಾದ. ಮೊಕದ್ದಮೆ ಇಳಿದದ್ದನ್ನೇ ಪಾಲನೆ ಏರಿದ್ದರ ಗುರುತೆಂದು ಓದಿದರೆ ದೊಡ್ಡ ಪ್ರಮಾದವಾಗುತ್ತದೆ.

ಪೋಲೆಂಡಿನಲ್ಲಿ ಪೆಟ್ಟು ಬಿದ್ದದ್ದು ನೇರವಾಗಿ ಪಾಲನೆಯ ತಳಹದಿಯಾದ ದೇಶದ ನ್ಯಾಯಾಧೀಶರಿಗೇ. ನ್ಯಾಯಾಧೀಶರನ್ನು ಶಿಕ್ಷಿಸಲು ರಚಿಸಿದ್ದ ಶಿಸ್ತು ಪೀಠವನ್ನು ನಿಲ್ಲಿಸಬೇಕೆಂಬ ಲಕ್ಸೆಂಬರ್ಗಿನ ನ್ಯಾಯಾಲಯದ ಆದೇಶವನ್ನು ಸರ್ಕಾರ ಮೀರಿದಾಗ, 2021ರ ಅಕ್ಟೋಬರಿನಲ್ಲಿ ದಿನಕ್ಕೆ ಹತ್ತು ಲಕ್ಷ ಯೂರೋ ದಂಡ ಬಿತ್ತು. ಅದೇ ತಿಂಗಳ ಆರಂಭದಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ, ಒಕ್ಕೂಟದ ಒಪ್ಪಂದದ ಕೆಲವು ವಿಧಿಗಳು ಪೋಲೆಂಡಿನ ಸಂವಿಧಾನಕ್ಕೆ ಹೊಂದುವುದಿಲ್ಲ ಎಂದು ಘೋಷಿಸಿತ್ತು. ಸರ್ಕಾರ ದಂಡ ಕಟ್ಟಲಿಲ್ಲ. ಆಯೋಗ ಅದನ್ನು ಪೋಲೆಂಡಿಗೆ ಸಲ್ಲಬೇಕಿದ್ದ ಅನುದಾನದಿಂದ ಮುರಿದುಕೊಂಡಿತು. ಆ ವರ್ಷಗಳಲ್ಲಿ, ತಮ್ಮ ಮೇಲೆಯೇ ಶಿಸ್ತು ಕ್ರಮ ಬರಬಹುದೆಂದು ತಿಳಿದೂ ಪೋಲೆಂಡಿನ ನ್ಯಾಯಾಧೀಶರು ಲಕ್ಸೆಂಬರ್ಗಿಗೆ ಪ್ರಶ್ನೆಗಳನ್ನು ಕಳುಹಿಸುತ್ತಲೇ ಇದ್ದರು. 2020ರ ಜನವರಿಯಲ್ಲಿ ಅವರ ಬೆಂಬಲಕ್ಕೆ ಯೂರೋಪಿನ ಹಲವು ದೇಶಗಳ ನ್ಯಾಯಾಧೀಶರು ತಮ್ಮ ನಿಲುವಂಗಿ ತೊಟ್ಟು ವಾರ್ಸಾದ ಬೀದಿಗಳಲ್ಲಿ ನಡೆದರು. ದಂಡದ ಮೊತ್ತ ಮತ್ತು ಆಡಳಿತದ ಶಕ್ತಿಯನ್ನು ಅಳೆಯುವ ಸಂಶೋಧನೆ ಈ ನ್ಯಾಯಾಧೀಶರ ನಡೆಯನ್ನು ವಿವರಿಸಲಾರದು. ವೃತ್ತಿಯ ಅಪಾಯವನ್ನು ಎದುರಿಸಿ ಅವರೇಕೆ ಹೊರಗಿನ ನ್ಯಾಯಾಲಯವೊಂದನ್ನು ತಮ್ಮದೆಂದು ಬಗೆದರು ಎಂಬುದನ್ನು ಅವರಿಂದಲೇ ಕೇಳಿ ತಿಳಿಯುವ ಅಧ್ಯಯನಗಳು ಹೆಚ್ಚಬೇಕೆಂಬುದು ನನ್ನ ಬಯಕೆ.