ಮಾಲ್ಡೀವ್ಸ್ ರಾಜಧಾನಿ ಮಾಲೆಗೆ ಫುಟ್ಬಾಲ್ ನೋಡೋಕೆ ಹೋಗೋರಿಗೆ ಒಂದಿಷ್ಟು ಮಾತು

ಮಾಲ್ಡೀವ್ಸ್‌ಗೆ ಹೋಗಿ ಬಂದೆ ಅಂದ್ರೆ ಸಾಕು, ವಾಟರ್ ವಿಲ್ಲಾ ಎಷ್ಟಾಯ್ತು ಫೋಟೋ ತೋರ್ಸು ಅಂತಾರೆ ಎಲ್ರೂ. ನನ್ ಫೋನಲ್ಲಿ ಇರೋದು ಫ್ಲಡ್‌ಲೈಟು, ಸಾಲಾಗಿ ನಿಂತಿರೋ ಸ್ಕೂಟರು, ಮಸುಕು ಮಸುಕಾಗಿ ಬಂದಿರೋ ನಾಲ್ಕೈದು ಕಾರ್ನರ್ ಕಿಕ್ಕು ಅಷ್ಟೇ. ನಾನೂ ನಮ್ಮ ಭಾವನೂ ಹೋಗಿದ್ದು ಅಲ್ಲಿನ ಕ್ಲಬ್ಬುಗಳ ಫುಟ್ಬಾಲ್ ಲೀಗು, ದಿವೇಹಿ ಪ್ರೀಮಿಯರ್ ಲೀಗ್ ನೋಡೋಕೆ. ನಿಜ ಹೇಳ್ಬೇಕಂದ್ರೆ ನಾನು ನೋಡೋಕೆ, ಭಾವ ಸಮುದ್ರ ಅಂತ ಬಂದಿದ್ದು.

ಈ ಹುಚ್ಚು ಹಿಡಿದಿದ್ದು 2021ರ ಆಗಸ್ಟಲ್ಲಿ. ಏಷ್ಯಾದ ಕ್ಲಬ್ಬುಗಳು ಆಡೋ ಎಎಫ್‌ಸಿ ಕಪ್ಪಿಗೆ ನಮ್ಮ ಬೆಂಗಳೂರು ಎಫ್‌ಸಿ ಮಾಲೆಗೆ ಹೋಗಿತ್ತಲ್ಲ, ಪ್ಲೇ ಆಫಲ್ಲಿ ಅಲ್ಲಿನ ಕ್ಲಬ್ ಈಗಲ್ಸ್‌ನ 1-0 ಸೋಲ್ಸಿ, ಗ್ರೂಪಿಂದ ಮುಂದಕ್ಕೆ ಹೋಗ್ದೇ ಇದ್ರೂ ಕೊನೇ ಮ್ಯಾಚಲ್ಲಿ ಅಲ್ಲಿನದೇ ಇನ್ನೊಂದು ಕ್ಲಬ್ ಮಾಜಿಯಾಗೆ 6-2 ಹೊಡೆದ್ರು. ಅದನ್ನ ನೋಡ್ತಾ ನನ್ ಕಣ್ಣೆಲ್ಲಾ ಸ್ಟೇಡಿಯಂ ಮೇಲೇನೇ, ಸುತ್ತಾ ಬಿಲ್ಡಿಂಗು ಒತ್ಕೊಂಡು ನಿಂತಿದೆ, ಯಾರೋ ಮನೆ ಬಾಲ್ಕನೀಲಿ ಬಟ್ಟೆ ಒಣಗ್ತಿದೆ, ಒಂದ್ಸಲ ಇಲ್ಲಿ ಕೂತು ಮ್ಯಾಚ್ ನೋಡ್ಬೇಕು ಅನ್ನಿಸ್ಬಿಡ್ತು.

ಮೊದಲು ಗೊತ್ತಿರ್ಬೇಕಾದ ವಿಷಯ, ಇಲ್ಲಿ ಹೋಮ್ ಮ್ಯಾಚು ಅವೇ ಮ್ಯಾಚು ಅನ್ನೋದು ಹೆಚ್ಚುಕಮ್ಮಿ ಕಾಗದದ ಮೇಲಷ್ಟೇ. ದೊಡ್ಡ ಕ್ಲಬ್‌ಗಳೆಲ್ಲ ಮಾಲೆಯವೇ, ಆಡೋದೂ ಬಹುಪಾಲು ಒಂದೇ ಗ್ರೌಂಡಲ್ಲಿ, ಗಲೋಳು ಅನ್ನೋ ಏರಿಯಾದ ನ್ಯಾಷನಲ್ ಸ್ಟೇಡಿಯಂ, ಹಳಬರು ಅದನ್ನ ರಸ್ಮೀ ದಂಡು ಅಂತಾರೆ. ಅಂದ್ರೆ ಏನಾಯ್ತು, ಇಂಗ್ಲೆಂಡಲ್ಲಿ ಹತ್ತು ಊರು ಸುತ್ತಿ ನೋಡೋ ಒಂದು ರೌಂಡನ್ನ ಇಲ್ಲಿ ಒಂದೇ ಸೀಟಲ್ಲಿ ಮೂರ್ನಾಲ್ಕು ಸಂಜೆ ಕೂತು ಮುಗಿಸ್ಬಹುದು, ಪಾಯಿಂಟ್ಸ್ ಟೇಬಲ್ ಪೂರ್ತಿ ನಿಮ್ ಕಣ್ಮುಂದೇನೇ ಬದಲಾಗುತ್ತೆ. ಮಾಲೆ ಊರೇ ಎರಡು ಚದರ ಕಿಲೋಮೀಟರ್ ಹತ್ರ ಹತ್ರ, ರೂಮಿಂದ ಸ್ಟೇಡಿಯಂಗೆ ನಡ್ಕೊಂಡೇ ಹೋಗೋದು.

ಅದಕ್ಕೇ ಹೇಳೋದು, ಫುಟ್ಬಾಲಿಗೆ ಹೋಗೋರು ರೆಸಾರ್ಟ್ ಬುಕ್ ಮಾಡ್ಬೇಡಿ. ರೆಸಾರ್ಟಿಂದ ರಾತ್ರಿ ಮ್ಯಾಚಿಗೆ ಸ್ಪೀಡ್‌ಬೋಟಲ್ಲಿ ಬಂದು ಹೋಗೋಕೆ ಆಗೋ ಖರ್ಚಿಗೆ ಇನ್ನೊಂದು ಟ್ರಿಪ್ಪೇ ಆಗುತ್ತೆ. ಮಾಲೇಲಿ ಅಥವಾ ಪಕ್ಕದ ದ್ವೀಪ ಹುಳುಮಾಲೇಲಿ ಗೆಸ್ಟ್‌ಹೌಸ್ ಮಾಡ್ಕೊಳ್ಳಿ. ಮಾಲೇಲಿ ರೂಮು ಬೆಂಕಿಪೊಟ್ಟಣ, ಹುಳುಮಾಲೇಲಿ ಬೀಚಿದೆ, ಸ್ವಲ್ಪ ಉಸಿರಾಡ್ಬಹುದು. 2018ರಲ್ಲಿ ಸಿನಾಮಾಲೆ ಸೇತುವೆ ಆದ್ಮೇಲೆ ಏರ್ಪೋರ್ಟು, ಹುಳುಮಾಲೆ, ಮಾಲೆ ಮೂರೂ ಒಂದೇ ರಸ್ತೇಲಿ ಸೇರಿವೆ, ಬಸ್ಸಿದೆ, ಟ್ಯಾಕ್ಸಿ ಇದೆ. ಗ್ರೀನ್ ಟ್ಯಾಕ್ಸ್ ಅಂತ ಒಂದು ಬಿಲ್ಲಲ್ಲಿ ಬರುತ್ತೆ, 2025ರಿಂದ ಸಣ್ಣ ಗೆಸ್ಟ್‌ಹೌಸಿಗೆ ತಲೆಗೆ ರಾತ್ರಿಗೆ 6 ಡಾಲರ್, ರೆಸಾರ್ಟಿಗೆ 12. ಬುಕ್ ಮಾಡುವಾಗ ತೋರ್ಸೋ ರೇಟಲ್ಲಿ ಇದು ಸೇರಿದ್ಯಾ ಇಲ್ವಾ ಕೇಳ್ಕೊಳ್ಳಿ, ನಾವು ಕೇಳಿರ್ಲಿಲ್ಲ.

ಬೆಂಗಳೂರಿಂದ ಡೈರೆಕ್ಟ್ ಫ್ಲೈಟ್ ಎರಡು ಗಂಟೆ ಅಷ್ಟೇ. ವೀಸಾಗೆ ಮೊದಲೇ ಅರ್ಜಿ ಹಾಕೋ ತಾಪತ್ರಯ ಇಲ್ಲ, ಇಳಿದ್ಮೇಲೆ ಫ್ರೀಯಾಗಿ ಸ್ಟಾಂಪ್ ಹಾಕ್ತಾರೆ, ರಿಟರ್ನ್ ಟಿಕೆಟ್ಟು ರೂಂ ಬುಕಿಂಗು ಕೈಯಲ್ಲಿರ್ಲಿ. ಹೊರಡೋ ಮುಂಚೆ 96 ಗಂಟೆ ಒಳಗೆ ಇಮುಗಾ ಅನ್ನೋ ಫಾರಂ ಆನ್‌ಲೈನಲ್ಲಿ ತುಂಬ್ಬೇಕು, ಅದೂ ಫ್ರೀ, ದುಡ್ಡು ಕೇಳೋ ಸೈಟು ಬಂದ್ರೆ ಮುಚ್ಚಿ ಹೊರಗೆ ಬನ್ನಿ. ಗಡಿಯಾರ ನಮಗಿಂತ ಅರ್ಧ ಗಂಟೆ ಹಿಂದೆ. ಬ್ಯಾಗಲ್ಲಿ ದೇವರ ವಿಗ್ರಹ ಇಟ್ಕೊಳ್ಳೋ ಅಭ್ಯಾಸ ಇದ್ರೆ ಮನೇಲೇ ಬಿಡಿ, ಪೂಜೆ ವಿಗ್ರಹ ಒಳಗೆ ಬಿಡಲ್ಲ. ಎಣ್ಣೆಯಂತೂ ಬೇಡವೇ ಬೇಡ. ಭಾವ ನನಗೆ ಗೊತ್ತಾಗದಂತೆ ಬೆಂಗಳೂರು ಡ್ಯೂಟಿ ಫ್ರೀಲಿ ಒಂದು ಬಾಟ್ಲು ತಗೊಂಡಿದ್ರು, ಮಾಲೇಲಿ ಸ್ಕ್ಯಾನರ್ ಹತ್ರ ತೆಗೆದು ಪಕ್ಕಕ್ಕಿಟ್ಟು, ಬೇಜಾರು ಮಾಡ್ಕೊಳ್ದೇ ಒಂದು ರಸೀದಿ ಕೊಟ್ರು, ವಾಪಸ್ ಹೋಗುವಾಗ ತೋರ್ಸಿ ತಗೊಳ್ಳಿ ಅಂತ. ತಪ್ಪು ನಮ್ದೇ.

ಇನ್ನು ಯಾವಾಗ ಹೋಗ್ಬೇಕು ಅನ್ನೋದು. ಇದೇ ತಲೆನೋವು. ಸೀಸನ್ ಪ್ರತಿ ವರ್ಷ ಇದೇ ತಿಂಗಳು ಅಂತಿಲ್ಲ, 2020-21ರ ಲೀಗು ಎರಡು ಕ್ಯಾಲೆಂಡರ್ ವರ್ಷಕ್ಕೆ ಹರಡ್ಕೊಂಡಿತ್ತು, ಆಮೇಲೆ 2022ರದ್ದು ಒಂದೇ ವರ್ಷದೊಳಗೆ (ಎರಡೂ ಮಾಜಿಯಾನೇ ಗೆದ್ದಿದ್ದು). ಅದಕ್ಕೆ ಫಿಕ್ಸ್ಚರ್ (ಯಾವ ಮ್ಯಾಚು ಯಾವತ್ತು ಅನ್ನೋ ಪಟ್ಟಿ) ಬರೋ ತನಕ ಟಿಕೆಟ್ ಮಾಡ್ಬೇಡಿ, ಬಂದ್ಮೇಲೂ ಒಂದೇ ಮ್ಯಾಚ್ ನಂಬ್ಕೊಂಡು ಹೋಗ್ಬೇಡಿ, ಕನಿಷ್ಠ ಐದು ರಾತ್ರಿ ಇಟ್ಕೊಳ್ಳಿ. ನಾವಿದ್ದಾಗ ಒಂದು ಮ್ಯಾಚು ಒಂದು ದಿನ ಮುಂದಕ್ಕೆ ಹೋಯ್ತು, ಗೇಟ್ ಹತ್ರ ಹೋದ್ಮೇಲೇ ನಮಗೆ ಗೊತ್ತಾಗಿದ್ದು. ರಂಜಾನ್ ತಿಂಗಳು ಹಗಲು ಹೋಟೆಲ್ ಮುಚ್ಚಿರುತ್ತೆ, ತಪ್ಸಿ. ಮೇ ತಿಂಗಳಿಂದ ಅಕ್ಟೋಬರ್ ತನಕ ಮಳೆಗಾಲ, ನಮ್ಮ ಕರಾವಳಿ ಮಳೆ ನೋಡಿದೋರಿಗೆ ಹೊಸದಲ್ಲ ಬಿಡಿ. ಅಲ್ಲಿ ವೀಕೆಂಡು ಶುಕ್ರವಾರ ಶನಿವಾರ, ಶುಕ್ರವಾರ ಮಧ್ಯಾಹ್ನ ಬಂದಿಳಿದ್ರೆ ನಮಾಜು ಮುಗಿಯೋ ತನಕ ಅಂಗಡಿ ಬಾಗಿಲೇ ತೆಗೆಯಲ್ಲ, ನಾವು ಬಿಸ್ಕತ್ತು ತಿಂದ್ಕೊಂಡು ರೂಮಲ್ಲಿ ಕೂತಿದ್ವಿ.

ಸ್ಟೇಡಿಯಂ ತುಂಬಿ ತುಳುಕುತ್ತೆ ಅಂತ ಆಸೆ ಇಟ್ಕೊಂಡು ಹೋಗ್ಬೇಡಿ. ಹತ್ತು ಸಾವಿರದ ಮೇಲೆ ಜನ ಹಿಡಿಸೋ ಜಾಗ, ಲೀಗ್ ಮ್ಯಾಚಿಗೆ ನಾನು ನೋಡಿದ ದಿನಗಳಲ್ಲಿ ಕಾಲು ಭಾಗ ತುಂಬಿದ್ರೆ ಹೆಚ್ಚು. ಆದ್ರೆ ಖಾಲಿ ಇರೋದೇ ಒಂದು ಮಜಾ, ಕೋಚ್ ಬೈಯ್ಯೋದು ಕೇಳುತ್ತೆ, ಡಿಫೆಂಡರ್ ಒಬ್ಬ ಮೊಣಕಾಲು ಹಿಡ್ಕೊಂಡು ಕೂತ್ರೆ ಸ್ಟ್ಯಾಂಡಿಂದ ಅವನ ಹೆಸರು ಹಿಡಿದು ಕರೆದು ಎದ್ದೇಳೋ ಅಂತಾರೆ, ಒಂದೇ ಊರೋರಲ್ವಾ. ಎರಡನೇ ದಿನ ಪಕ್ಕದಲ್ಲಿ ಕೂತ ಒಬ್ಬ ಅಜ್ಜ ಜೇಬಿಂದ ಸಣ್ಣ ಪೊಟ್ಟಣ ತೆಗೆದು ಬಿಚ್ಚಿದ್ರು, ಒಳಗೆ ಕಾಗದದಷ್ಟು ತೆಳ್ಳಗೆ ಹೆಚ್ಚಿದ ಅಡಿಕೆ, ಒಂದೆರಡು ಲವಂಗ. ಅಲ್ಲೂ ಊಟ ಆದ್ಮೇಲೆ ಅಡಿಕೆ ಹಾಕ್ತಾರೆ, ಫುವಹ್ ಅಂತಾರೆ. ನಮ್ಮನೆ ತೋಟದೋರು, ಕೈ ಸುಮ್ನಿರುತ್ತಾ, ಒಂದು ಚೂರು ತಗೊಂಡು ಲೈಟಿಗೆ ಹಿಡಿದು ನೋಡ್ದೆ, ಭಾವನೂ ನೋಡಿದ್ರು, ಅಲ್ಲಿಂದ ಹತ್ತು ನಿಮಿಷ ಮ್ಯಾಚ್ ಯಾರು ನೋಡಿದ್ರು ಹೇಳಿ. ಅಜ್ಜಂಗೆ ಹಿಂದಿ ಚೆನ್ನಾಗೇ ಬರ್ತಿತ್ತು, ಸಿನಿಮಾ ನೋಡಿ ಕಲ್ತಿದ್ದಂತೆ. ಬೆಂಗಳೂರು ಅಂದ ತಕ್ಷಣ ಟ್ರೀಟ್‌ಮೆಂಟಿಗೆ ಬಂದಿದ್ದೆ ಅಂದ್ರು, 2023ರಲ್ಲಿ ಅವರ ಟೀಮು ದಕ್ಷಿಣ ಏಷ್ಯಾ ದೇಶಗಳ ಸ್ಯಾಫ್ ಟೂರ್ನಿ ಆಡೋಕೆ ಕಂಠೀರವಕ್ಕೆ ಬಂದಿದ್ದೂ ನೆನಪಿತ್ತು. ನಾನು ಸುಮ್ನಿರ್ದೆ 2021ರಲ್ಲಿ ಇದೇ ಗ್ರೌಂಡಲ್ಲಿ ನಮ್ಮ ಇಂಡಿಯಾದ ಛೆಟ್ರಿ ಎರಡು ಹೊಡೆದು ನಿಮ್ಮನ್ನ 3-1 ಸೋಲ್ಸಿದ್ರಲ್ಲ ಅಂದೆ. ಅಜ್ಜ ಬೆರಳು ಎರಡೆತ್ತಿದ್ರು, 2008, 2018. ಮಾಲ್ಡೀವ್ಸ್ ಸ್ಯಾಫ್ ಗೆದ್ದಿರೋದೇ ಎರಡು ಸಲ, ಎರಡೂ ಸಲ ಫೈನಲಲ್ಲಿ ಸೋಲ್ಸಿದ್ದು ನಮ್ಮನ್ನೇ. ನಾನು ಬಾಯಿ ಮುಚ್ಕೊಂಡು ಅಡಿಕೆ ಅಗೀತಾ ಕೂತೆ.

ಮಾತು ಶುರು ಮಾಡೋಕೆ ಅಲಿ ಅಶ್ಫಾಕ್ ಹೆಸರು ಹೇಳಿ ಸಾಕು, ಅವರ ದೇಶಕ್ಕೆ ಅತಿ ಹೆಚ್ಚು ಗೋಲ್ ಹೊಡೆದೋನು. ಹಳಬರಾದ್ರೆ ಅಲ್ಲಿನ ನ್ಯೂ ರೇಡಿಯಂಟ್ ಕ್ಲಬ್ಬು 2005ರಲ್ಲಿ ಎಎಫ್‌ಸಿ ಕಪ್ ಸೆಮಿಫೈನಲ್ ತನಕ ಹೋದ ಕಥೆ ತೆಗೀತಾರೆ, ಅದು ಬೇಗ ಮುಗಿಯಲ್ಲ.

ಊಟದ ವಿಷ್ಯ. ಮ್ಯಾಚಿಗೆ ಮುಂಚೆ ಯಾವ್ದಾದ್ರೂ ಚಹಾ ಹೋಟೆಲಿಗೆ ನುಗ್ಗಿ ಹೆಧಿಕಾ ಕೇಳಿ, ಕರಿದ ತಿಂಡಿಗಳು ಬರ್ತವೆ. ಬಜಿಯಾ ನೋಡೋಕೆ ನಮ್ಮ ಸಮೋಸ ಥರ, ಗುಳಾ ಉಂಡೆ ಥರ, ಎರಡರಲ್ಲೂ ಸಾಮಾನ್ಯವಾಗಿ ಟ್ಯೂನಾ ಮೀನು. ಬೆಳಗ್ಗೆ ಚಪಾತಿ ಥರದ ರೊಶಿ ಜೊತೆ ಮಾಸ್ ಹುನಿ, ಕಾಯಿತುರಿ ಈರುಳ್ಳಿ ನಿಂಬೆಹುಳಿ ಕಲಸಿದ್ದು, ಅದರಲ್ಲೂ ಟ್ಯೂನಾ. ನನಗೆ ಹಬ್ಬ. ಭಾವ ಸಸ್ಯಾಹಾರಿ, ಕಾಯಿತುರಿ ನೋಡಿ ಖುಷಿಯಾಗಿ ಒಂದು ತುತ್ತು ಬಾಯಿಗಿಟ್ಟಿದ್ದಷ್ಟೇ, ಮುಖ ನೋಡ್ಬೇಕಿತ್ತು. ವೆಜ್ ತಿನ್ನೋರು ಅವಲಕ್ಕಿ, ಚಟ್ನಿಪುಡಿ ತಗೊಂಡ್ಹೋಗಿ, ಇಂಡಿಯನ್ ಹೋಟೆಲೂ ಸಿಗ್ತವೆ.

ದುಡ್ಡಿಗೆ ಡಾಲರ್ ಒಯ್ಯಿರಿ, ಆದ್ರೆ ಚಹಾ, ಬಸ್ಸು, ಸ್ಟೇಡಿಯಂ ಟಿಕೆಟ್ಟಿಗೆ ಅಲ್ಲಿನ ದುಡ್ಡು ರುಫಿಯಾ ಚಿಲ್ಲರೆ ಬೇಕು. ಡಾಲರಿಗೆ ಸುಮಾರು 15 ರುಫಿಯಾ ಲೆಕ್ಕ. ಬೇಕಾದಷ್ಟೇ ಬದಲಾಯಿಸ್ಕೊಳ್ಳಿ, ಉಳಿದ ರುಫಿಯಾ ಬೆಂಗಳೂರಲ್ಲಿ ಯಾರಿಗೂ ಬೇಡ.

ಕೊನೇ ದಿನ ನಾವು ರಾತ್ರಿ ಮ್ಯಾಚ್ ನೋಡ್ಕೊಂಡು ಸೀದಾ ಏರ್ಪೋರ್ಟಿಗೆ ಓಡೋ ಪ್ಲಾನ್ ಹಾಕಿದ್ವಿ. ಇದನ್ನ ಮಾಡ್ಬೇಡಿ. ಮಳೆ, ಸೇತುವೆ ಮೇಲೆ ಸ್ಕೂಟರ್ ಸಾಲು, ಚೆಕಿನ್ ಕೌಂಟರಿಗೆ ಕೊನೇಲಿ ಬಂದೋರು ನಾವೇ. ಸೆಕ್ಯುರಿಟಿ ದಾಟಿದ್ಮೇಲೆ ಭಾವ ಜೇಬು ತಡವಿ ನಿಂತ್ಬಿಟ್ರು, ಆ ರಸೀದಿ. ವಾಪಸ್ ಹೋಗೋಕೆ ಟೈಮಿರ್ಲಿಲ್ಲ, ಬಾಟ್ಲು ಅಲ್ಲೇ ಉಳೀತು.