ಟ್ರಂಕಿನಲ್ಲೇ ಉಳಿದ ರುಪೇ ಕಾರ್ಡು

14 ಜೂನ್ 2024, ಶುಕ್ರವಾರ
ಹಿರೇಕೆರೂರು

ಗೋವಿನಜೋಳದ ಬಿತ್ತನೆ ಜೋರಾಗಿದೆ. ಹಗಲಿನಲ್ಲಿ ಹೆಂಗಸರು ಯಾರೂ ಊರಲ್ಲಿ ಸಿಗುವುದಿಲ್ಲವೆಂದು ಇವತ್ತಿನ ಆರ್ಥಿಕ ಸಾಕ್ಷರತಾ ಸಭೆಯನ್ನು ಸಂಜೆ ಏಳಕ್ಕೆ ಇಟ್ಟುಕೊಂಡಿದ್ದೆವು. ಸ್ವಸಹಾಯ ಸಂಘದವರೆಲ್ಲ ಸಮುದಾಯ ಭವನಕ್ಕೆ ಬಂದಿದ್ದರು. ಪಾಸ್‌ಬುಕ್ಕಿನ ಜೊತೆ ಎಟಿಎಂ ಕಾರ್ಡನ್ನೂ ತನ್ನಿ ಎಂದು ಮೊದಲೇ ಹೇಳಿ ಕಳಿಸಿದ್ದೆ. ಪಾಸ್‌ಬುಕ್ ಎಲ್ಲರ ಕೈಯಲ್ಲೂ ಇತ್ತು. ಕಾರ್ಡು ತಂದವರು ಕೆಲವರೇ.

“ಅಕ್ಕಾರ, ಕಾರ್ಡ್ ಎಲ್ಲೈತ್ರಿ?” ಎಂದು ಮುಂದೆ ಕೂತವರನ್ನು ಕೇಳಿದೆ.

“ಟ್ರಂಕಿನ್ಯಾಗ ಐತ್ರಿ ಸರ. ಬಂದಾಗಿಂದ ಕವರ್ ಸೈತ ಒಡದಿಲ್ರಿ. ರೊಕ್ಕ ಬೇಕಂದ್ರ ಅಂಗಡ್ಯಾಗ ಹೆಬ್ಬಟ್ಟು ಒತ್ತಿದ್ರ ಬರ್ತಾವಲ್ರಿ.”

ಅವರ ಮಾತು ನಿಜವೇ. ಆಧಾರ್ ಹೆಬ್ಬೆಟ್ಟಿಗೆ ಹಣ ಕೊಡುವ ಕಿರಾಣಿ ಅಂಗಡಿ ಓಣಿಯಲ್ಲೇ ಇದೆ, ಎಟಿಎಂಗೆ ಹೋಗಬೇಕೆಂದರೆ ಬಸ್ಸು ಹತ್ತಬೇಕು. ಹಾಗಾಗಿ ಕಾರ್ಡಿನ ಗೊಡವೆಗೆ ಯಾರೂ ಹೋಗಿಲ್ಲ. ನನ್ನನ್ನು ಕಾಡುವುದು ಬೇರೆ ಸಂಗತಿ. ಜನಧನ ಖಾತೆಯ ಈ ಎಟಿಎಂ ಕಾರ್ಡಿಗೆ, ಅಂದರೆ ರುಪೇ ಕಾರ್ಡಿಗೆ, ಅಪಘಾತ ವಿಮೆ ಇದೆ. ಮೊದಲು ಒಂದು ಲಕ್ಷ ಇತ್ತು, 2018ರ ಆಗಸ್ಟ್ 28ರ ನಂತರ ತೆರೆದ ಖಾತೆಗಳಿಗೆ ಎರಡು ಲಕ್ಷ. ಆದರೆ ಅಪಘಾತದ ಹಿಂದಿನ 90 ದಿನಗಳಲ್ಲಿ ಕಾರ್ಡನ್ನು ಒಮ್ಮೆಯಾದರೂ ಬಳಸಿರಬೇಕು. ಈ ಶರತ್ತನ್ನು ಇವರಿಗೆ ಯಾರೂ ಹೇಳಿಯೇ ಇಲ್ಲ.

ಹೋದ ವರ್ಷ ಪಕ್ಕದ ಊರಿನ ಗೌಂಡಿಯೊಬ್ಬ ಸಾರವೆಯಿಂದ ಬಿದ್ದು ತೀರಿಕೊಂಡ. ಹೆಂಡತಿ ಮರಣ ಪತ್ರ, ಪೊಲೀಸರ ಪಂಚನಾಮೆ ಎಲ್ಲ ಹೊಂದಿಸಿಕೊಂಡು ಬಂದಳು. ಕಾರ್ಡೂ ಇತ್ತು, ಹೊಚ್ಚ ಹೊಸದು, ಹಿಂದೆ ಸಹಿ ಮಾಡುವ ಬಿಳಿ ಪಟ್ಟಿಯ ಮೇಲೆ ಒಂದು ಗೆರೆಯೂ ಬಿದ್ದಿರಲಿಲ್ಲ. ಒಮ್ಮೆಯೂ ಬಳಸಿಲ್ಲವೆಂದು ಅರ್ಜಿ ತಿರಸ್ಕೃತವಾಯಿತು. ಎರಡು ಸಣ್ಣ ಮಕ್ಕಳು. ಆ ಮನೆಗೆ ಒಂದು ಲಕ್ಷ ಎಂದರೆ ಎಷ್ಟು ಎಂಬುದನ್ನು ನಿಯಮ ಬರೆದವರು ಒಂದು ಸಲ ಬಂದು ನೋಡಬೇಕಿತ್ತು. ಅವತ್ತಿನಿಂದ ಎಲ್ಲಿ ಸಭೆ ಇದ್ದರೂ ಮೊದಲು ಇದನ್ನೇ ಹೇಳುತ್ತೇನೆ.

ಹೇಳಿದೆ. ಆಗ ಹಿಂದಿನ ಸಾಲಿನ ವಯಸ್ಸಾದ ತಾಯಿಯೊಬ್ಬರು ಎದ್ದು ನಿಂತು, “ಅಲ್ರಿ ಸರ, ಬ್ಯಾರೆ ಬ್ಯಾಂಕಿನ ಮಷಿನ್ನಿಗೆ ನಮ್ಮ ಕಾರ್ಡ್ ಹಾಕಿದ್ರ ನಮ್ಮ ರೊಕ್ಕ ಅವ್ರ ಬ್ಯಾಂಕಿಗೆ ಹೊಕ್ಕಾವೇನು?” ಎಂದು ಕೇಳಿದರು.

ಎಷ್ಟು ಒಳ್ಳೆಯ ಪ್ರಶ್ನೆ! ಸಭೆಯ ಹೆಚ್ಚಿನ ಹೊತ್ತು ಇದಕ್ಕೇ ಹೋಯಿತು, ಹೋಗಲೇಬೇಕಿತ್ತು. ಕಾರ್ಡಿನ ಮೊದಲ ಅಂಕಿಗಳಲ್ಲೇ ಅದು ಯಾವ ಬ್ಯಾಂಕಿನದು ಎಂಬ ಗುರುತಿದೆ. ಮಷಿನ್ ಅದನ್ನು ಓದಿ, ‘ನಿಮ್ಮ ಗ್ರಾಹಕರು ಇಷ್ಟು ಹಣ ಕೇಳುತ್ತಿದ್ದಾರೆ’ ಎಂದು ಬ್ಯಾಂಕುಗಳ ಎಟಿಎಂಗಳನ್ನೆಲ್ಲ ಒಂದಕ್ಕೊಂದು ಜೋಡಿಸುವ ರಾಷ್ಟ್ರೀಯ ಸ್ವಿಚ್ ಮೂಲಕ ನಿಮ್ಮ ಬ್ಯಾಂಕಿಗೆ ತಿಳಿಸುತ್ತದೆ. ಪಿನ್ ಸರಿಯಿದೆಯೇ, ಖಾತೆಯಲ್ಲಿ ಹಣ ಇದೆಯೇ ಎಂದು ನೋಡುವುದು ನಿಮ್ಮ ಬ್ಯಾಂಕೇ. ಅದು ಒಪ್ಪಿದರೆ ಮಾತ್ರ ನೋಟು ಹೊರಗೆ ಬರುತ್ತದೆ. ನೋಟು ಕೊಟ್ಟ ಬ್ಯಾಂಕಿಗೆ ನಿಮ್ಮ ಬ್ಯಾಂಕು ಆಮೇಲೆ ಆ ಹಣವನ್ನು ರಿಸರ್ವ್ ಬ್ಯಾಂಕಿನಲ್ಲಿರುವ ಖಾತೆಗಳ ಮೂಲಕ ತೀರಿಸುತ್ತದೆ, ಜೊತೆಗೆ ಪ್ರತಿ ಸಲಕ್ಕೂ ಒಂದಿಷ್ಟು ಶುಲ್ಕವನ್ನೂ ಕೊಡುತ್ತದೆ. ಹಾಗಾಗಿ ಬೇರೆ ಬ್ಯಾಂಕಿನ ಎಟಿಎಂ ಮುಂದೆ ಅಂಜಿಕೊಂಡು ನಿಲ್ಲಬೇಕಾಗಿಲ್ಲ ಎಂದೆ. ಅಜ್ಜಿ ತಲೆಯಾಡಿಸಿ ಕೂತರು.

ಹಳೆಯದನ್ನು ಕಂಡವರಿಗೆ ಇದು ಸಣ್ಣ ಸಾಧನೆಯಲ್ಲ. ಬೇರೆ ಬ್ಯಾಂಕಿನ ಎಟಿಎಂನಲ್ಲಿ ಹಣ ತೆಗೆದರೆ ಗ್ರಾಹಕರೇ ಶುಲ್ಕ ತೆರುತ್ತಿದ್ದ ಕಾಲವಿತ್ತು. 2009ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಅದನ್ನು ನಿಲ್ಲಿಸಿತು (ಆಮೇಲೆ ತಿಂಗಳಿಗೆ ಇಷ್ಟು ಸಲ ಎಂಬ ಮಿತಿ ಬಂತು). ನಮ್ಮ ಕೆನರಾ ಬ್ಯಾಂಕೂ ಸೇರಿ ಹತ್ತು ಬ್ಯಾಂಕುಗಳು ಪ್ರವರ್ತಕರಾಗಿ ಕಟ್ಟಿದ ರಾಷ್ಟ್ರೀಯ ಪಾವತಿ ನಿಗಮ 2012ರ ಮಾರ್ಚ್ 26ರಂದು ರುಪೇ ತಂದಿತು. ವ್ಯಾಪಾರದಲ್ಲಿ ಒಬ್ಬರಿಗೊಬ್ಬರು ಪೈಪೋಟಿ ಮಾಡುವ ಬ್ಯಾಂಕುಗಳು ಒಂದೇ ಕಾರ್ಡಿನ ನಿಯಮಕ್ಕೆ ಒಪ್ಪಿದ್ದರಿಂದಲೇ ಗ್ರಾಮೀಣ ಬ್ಯಾಂಕಿನ, ಸಹಕಾರಿ ಬ್ಯಾಂಕಿನ ಕಾರ್ಡು ಕೂಡ ದೊಡ್ಡ ಬ್ಯಾಂಕಿನ ಮಷಿನ್‌ನಲ್ಲಿ ನಡೆಯುತ್ತದೆ. 2023ರ ಆಗಸ್ಟ್ ಹೊತ್ತಿಗೆ ಜನಧನ ಖಾತೆಗಳು 50 ಕೋಟಿ ದಾಟಿದ್ದವು, ಆ ಖಾತೆಗಳಿಗೆ ಕೊಟ್ಟ ರುಪೇ ಕಾರ್ಡುಗಳು ಸುಮಾರು 34 ಕೋಟಿ. ಇಷ್ಟು ದೊಡ್ಡ ಏರ್ಪಾಡು ಮಾಡಿದವರಿಗೆ ಕಾರ್ಡಿನ ಕವರ್ ಮೇಲೆ ‘ಮೂರು ತಿಂಗಳಿಗೊಮ್ಮೆ ಬಳಸಿ, ಇಲ್ಲವಾದರೆ ವಿಮೆ ಸಿಗದು’ ಎಂದು ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ ಅಚ್ಚು ಹಾಕಿಸುವುದು ಯಾವ ಕಷ್ಟ? ಜಿಲ್ಲಾ ಮಟ್ಟದ ಸಭೆಯಲ್ಲಿ ಇದನ್ನು ಕೇಳಿದ್ದೇನೆ, ಮತ್ತೆ ಕೇಳುತ್ತೇನೆ.

ಸಭೆ ಮುಗಿಯುವಾಗ ಒಬ್ಬಾಕೆ ಮನೆಗೆ ಓಡಿಹೋಗಿ ಕಾರ್ಡು ತಂದು ತೋರಿಸಿದಳು. ಹಿಂದೆ ಕಪ್ಪು ಪಟ್ಟಿ ಇತ್ತು, ಮುಂದೆ ಚಿಪ್ ಇರಲಿಲ್ಲ. ಪಟ್ಟಿಯಲ್ಲಿರುವುದನ್ನು ಕಳ್ಳರು ಸುಲಭವಾಗಿ ನಕಲು ಮಾಡುತ್ತಿದ್ದರು. ಚಿಪ್ ಆದರೆ ಪ್ರತಿ ವಹಿವಾಟಿಗೂ ಹೊಸ ಸಂಕೇತ ಹುಟ್ಟಿಸುತ್ತದೆ. ಅದಕ್ಕೇ 2018ರ ಡಿಸೆಂಬರ್ 31ರೊಳಗೆ ಎಲ್ಲ ಕಾರ್ಡನ್ನೂ ಚಿಪ್‌ಗೆ ಬದಲಿಸಲು ರಿಸರ್ವ್ ಬ್ಯಾಂಕ್ ಗಡುವು ಕೊಟ್ಟಿತ್ತು. ಈಕೆಗೆ ಹೊಸ ಕಾರ್ಡು ಬಂದೇ ಇಲ್ಲ. ಮೊಬೈಲ್ ನಂಬರೂ ಬದಲಾಗಿದೆ, ಹೊಸ ಕಾರ್ಡು ಬಂದರೂ ಪಿನ್ ಮಾಡಿಕೊಳ್ಳಲು ಒಟಿಪಿ ಬರುವುದಿಲ್ಲ. ಕೇಳುತ್ತ ಹೋದಂತೆ ಇಂಥವರು ಇನ್ನೂ ಹಲವರು ಸಿಕ್ಕರು.

ಅವರ ಹೆಸರು, ಖಾತೆ ನಂಬರು ಬರೆದುಕೊಂಡಿದ್ದೇನೆ. ನಾಳೆ ಮೂರನೇ ಶನಿವಾರ, ಬ್ಯಾಂಕು ತೆರೆದಿರುತ್ತದೆ. ಸೋಮವಾರ ಬಕ್ರೀದ್ ರಜೆ. ನಾಳೆಯೇ ಶಾಖೆಗೆ ಪಟ್ಟಿ ಕೊಟ್ಟು, ಹೊಸ ಕಾರ್ಡಿನ ಅರ್ಜಿ ಮತ್ತು ಮೊಬೈಲ್ ನಂಬರ್ ಬದಲಾವಣೆಯ ಫಾರ್ಮ್ ಎರಡನ್ನೂ ತರಬೇಕು. ಹೆಬ್ಬೆಟ್ಟಿನವರ ಫಾರ್ಮಿಗೆ ಸಾಕ್ಷಿ ಹಾಕಲು ಸಂಘದ ಅಧ್ಯಕ್ಷೆ ಒಪ್ಪಿದ್ದಾರೆ.