ಡಿಬಿ ಬಾಕ್ಸ್ ಭರ್ತಿಯಾಗಿದೆ, ಇನ್ನೂ ಮೂರು ಲೈನ್ ಬೇಕು

ಮೈಸೂರಿನ ಸರಸ್ವತಿಪುರಂ, ಚಾಮುಂಡಿಪುರಂ ಕಡೆಯ ಹಳೇ ಮನೆಗಳಲ್ಲಿ ಈಗ ಕೇಳೋದು ಇದೇ: ಗೀಸರ್‌ಗೊಂದು, ಇಂಡಕ್ಷನ್ ಒಲೆಗೊಂದು, ಸ್ಕೂಟರ್ ಚಾರ್ಜಿಂಗ್‌ಗೊಂದು ಲೈನ್. ಡಿಬಿ (ಮನೆಯ ಲೈನ್‌ಗಳು ಹಂಚಿಹೋಗೋ ಡಿಸ್ಟ್ರಿಬ್ಯೂಷನ್ ಬಾಕ್ಸ್) ಬಿಚ್ಚಿದರೆ ಎಂಟೂ ಎಂಸಿಬಿ (ಓವರ್‌ಲೋಡ್, ಶಾರ್ಟ್ ಆದರೆ ತಾನೇ ಟ್ರಿಪ್ ಆಗೋ ಸ್ವಿಚ್) ಭರ್ತಿ. ಆಗ ಸುಲಭಕ್ಕೆ ಕಾಣೋ ಅಡ್ಡದಾರಿ, ಇರೋ ಎಂಸಿಬಿಗೇ ಎರಡನೇ ವೈರ್ ತುರುಕೋದು. 4 ಸ್ಕ್ವೇರ್ (ಚದರ ಮಿ.ಮೀ.) ವೈರ್ ಜೊತೆ 1.5 ಸ್ಕ್ವೇರ್ ಇಟ್ಟು ಸ್ಕ್ರೂ ತಿರುಗಿಸಿದರೆ ದಪ್ಪದ್ದು ಬಿಗಿಯುತ್ತೆ, ತೆಳುವಾದದ್ದು ಒಳಗೆ ಅಲ್ಲಾಡುತ್ತಿರುತ್ತೆ. ಕಾದು ಕಾದು ಇನ್ಸುಲೇಷನ್ ಮೊದಲು ಕಂದು, ಆಮೇಲೆ ಕಪ್ಪು. ಓವರ್‌ಲೋಡ್ ಇಲ್ಲವಲ್ಲ, ಬಹಳ ಸಲ ಟ್ರಿಪ್ ಕೂಡ ಆಗಲ್ಲ.

ಜಾಗ ಹುಡುಕಬೇಕಾದ್ದು ಲೈಟ್ ಲೈನ್‌ಗಳಲ್ಲಿ. ಒಂದು ಲೈಟಿಂಗ್ ಸರ್ಕ್ಯೂಟ್‌ಗೆ 10 ಪಾಯಿಂಟ್, 800 ವ್ಯಾಟ್ ಅನ್ನೋದು ಹಳೇ ಲೆಕ್ಕ. ಈಗ 9 ವ್ಯಾಟ್‌ನ ಐದು ಎಲ್‌ಇಡಿ, 75 ವ್ಯಾಟ್‌ನ ಮೂರು ಫ್ಯಾನ್ ಸೇರಿದರೂ 270 ವ್ಯಾಟ್. ಹೀಗಿರೋ ಎರಡು ಲೈನನ್ನು ಕನೆಕ್ಟರ್‌ನಲ್ಲಿ ಸೇರಿಸಿ ಒಂದೇ 10 ಆಂಪ್ ಎಂಸಿಬಿಗೆ ತಂದರೆ ಒಂದು ಜಾಗ, ಅಂದರೆ 18 ಮಿ.ಮೀ., ಸಿಗುತ್ತೆ. ಎಲ್ಲಾ ಲೈಟೂ ಒಂದಕ್ಕೇ ಬೇಡ, ಟ್ರಿಪ್ ಆದರೆ ಮನೆಯೆಲ್ಲ ಕತ್ತಲು.

ಸೇರಿಸೋ ಮೊದಲು ಎರಡು ಪರೀಕ್ಷೆ. ತ್ರೀ ಫೇಸ್ ಮನೆಯಲ್ಲಿ ಎರಡೂ ಒಂದೇ ಫೇಸ್‌ನವಾ? ಬೇರೆಯಾದರೆ 415 ವೋಲ್ಟ್‌ನ ನೇರ ಶಾರ್ಟ್. ಎರಡನೇ ಪರೀಕ್ಷೆ ಇನ್ವರ್ಟರ್‌ದು. ಮೇನ್ ಆಫ್ ಮಾಡಿದರೂ ಇನ್ವರ್ಟರ್ ಲೈನ್‌ನಲ್ಲಿ ಕರೆಂಟ್ ಇದ್ದೇ ಇರುತ್ತೆ. ಅದನ್ನೂ ಆಫ್ ಮಾಡಿ, ಮಲ್ಟಿಮೀಟರ್ ಹಿಡಿದು ನೋಡಿದ ಮೇಲೇ ಕೈ ಹಾಕಿ. ಇನ್ವರ್ಟರ್ ಲೈನಿಗೂ ಮೇನ್ ಲೈನಿಗೂ ಗಂಟು ಹಾಕಿದರೆ ಕರೆಂಟ್ ಬಂದ ಕ್ಷಣ ಇನ್ವರ್ಟರ್ ಸುಡಬಹುದು.

ಸಿಕ್ಕ ಒಂದು ಜಾಗದಿಂದ ಮೂರು ಲೈನ್ ಹೇಗೆ? ಪಕ್ಕದಲ್ಲಿ ಇನ್ನೊಂದು ಸಣ್ಣ ಡಿಬಿ. ಅಂಗಡಿಯಲ್ಲಿ '8 ವೇ' (ಎಂಟು ಜಾಗದ ಬಾಕ್ಸ್) ಅಂದರೆ ಮೇನ್ ಸೇರಿಯಾ, ಬಿಟ್ಟಾ ಅಂತ ಕೇಳಿ, ಕಂಪನಿಯಿಂದ ಕಂಪನಿಗೆ ಬೇರೆ. ಗೀಸರ್ 2, ಒಲೆ 2, ಚಾರ್ಜರ್ ಸುಮಾರು 1 ಕಿಲೋವ್ಯಾಟ್: ಒಟ್ಟು 22 ಆಂಪ್. ಹಾಗಾಗಿ ಸಿಕ್ಕ ಜಾಗಕ್ಕೆ 32 ಆಂಪ್ ಎಂಸಿಬಿ, ಹೊಸ ಬಾಕ್ಸ್‌ವರೆಗೆ 6 ಸ್ಕ್ವೇರ್ ತಾಮ್ರದ ಫೇಸ್, ನ್ಯೂಟ್ರಲ್, ಅರ್ತ್; ಹೊಸ ಬಾಕ್ಸ್‌ಗೆ ತನ್ನದೇ 40 ಆಂಪ್, 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಲೀಕ್ ಆದರೆ ಟ್ರಿಪ್ ಆಗೋ ಸ್ವಿಚ್).

ಹೆಚ್ಚಿನವರು ಎಡವೋದು ಇಲ್ಲೇ. ಆ 32 ಆಂಪ್ ಎಂಸಿಬಿಗೆ ಹಳೇ ಬಸ್‌ಬಾರ್‌ನ (ಎಲ್ಲಾ ಎಂಸಿಬಿಗೂ ಫೇಸ್ ಹಂಚೋ ಲೋಹದ ಪಟ್ಟಿ) ಹಲ್ಲು ತಾಗಬಾರದು. ತಾಗಿದರೆ ಅದು ಹಳೇ ಆರ್‌ಸಿಸಿಬಿ ದಾಟಿ ಬಂದ ಫೇಸ್. ಗೀಸರ್ ಲೀಕ್ ಆದರೆ ಇಡೀ ಮನೆ ಟ್ರಿಪ್. ಸಾಲಿನ ಕೊನೆಗೆ ಕೂರಿಸಿ, ಹಲ್ಲು ಕತ್ತರಿಸಿ, ಐಸೊಲೇಟರ್ (ಡಿಬಿಯ ಮೇನ್ ಸ್ವಿಚ್) ಔಟ್‌ನಿಂದಲೇ ಬೇರೆ ವೈರ್ ಎಳೆಯಬೇಕು. ಅಲ್ಲಿ ಒಂದೇ ದಪ್ಪದ ಎರಡು ವೈರ್ ಬರುತ್ತೆ, ಟ್ವಿನ್ ಫೆರೂಲ್ (ಎರಡು ವೈರ್ ತುದಿ ಸೇರಿಸಿ ಒತ್ತೋ ಲೋಹದ ಕೊಳವೆ) ಹಾಕಿ. ನ್ಯೂಟ್ರಲ್ ಕೂಡ ಐಸೊಲೇಟರ್‌ನಿಂದಲೇ. ಹಳೇ ನ್ಯೂಟ್ರಲ್ ಲಿಂಕ್‌ನಿಂದ (ನ್ಯೂಟ್ರಲ್ ವೈರ್‌ಗಳೆಲ್ಲ ಸೇರೋ ಪಟ್ಟಿ) ತೆಗೆದರೆ ಗೀಸರ್ ಹಾಕಿದೊಡನೆ ಹಳೇ ಆರ್‌ಸಿಸಿಬಿ ಬೀಳುತ್ತೆ, ಆಮೇಲೆ 'ಆರ್‌ಸಿಸಿಬಿ ಕೆಟ್ಟಿದೆ' ಅಂತ ಬದಲಾಯಿಸುತ್ತಾ ಕೂರೋದು.

ಸೆಸ್ಕ್ (ಮೈಸೂರು ಕಡೆಯ ಕರೆಂಟ್ ಕಂಪನಿ) ಬಿಲ್‌ನಲ್ಲಿ ಮಂಜೂರಾದ ಲೋಡ್ 2 ಕಿಲೋವ್ಯಾಟ್ ಅಂತಿದ್ದರೆ ಮೊದಲು ಹೆಚ್ಚುವರಿ ಲೋಡ್‌ಗೆ ಅರ್ಜಿ. ಮೀಟರ್ ಸೀಲ್ ಮುಟ್ಟಬೇಡಿ.

ಮುಚ್ಚಳ ಹಾಕೋ ಮುಂಚೆ ಆರ್‌ಸಿಸಿಬಿಯ ಟಿ (ಟೆಸ್ಟ್) ಬಟನ್ ಒತ್ತಿ ನೋಡಿ. ಉಳಿದ ತೂತುಗಳಿಗೆ ಬ್ಲ್ಯಾಂಕ್ ಪ್ಲೇಟ್ ಹಾಕಿ ಮುಚ್ಚಿ. ಇಲ್ಲದಿದ್ದರೆ ಹಲ್ಲಿ ಒಳಗೆ ಹೋಗಿ ಬಸ್‌ಬಾರ್ ಮೇಲೇ ಮಲಗುತ್ತೆ.